ಕೈ ಕೊಟ್ಟರೆ ಸಹಾಯ, ಕಾಲು ಮುರಿದರೆ ಹಾರೈಕೆ!

ಆಗುಂಬೆ ಹತ್ತಿರ ನನ್ನ ಅತ್ತಿಗೆಯ ತವರಿನವರು ಹೋಮ್‌ಸ್ಟೇ ನಡೆಸುತ್ತಾರೆ. ಒಮ್ಮೆ ಅಮೆರಿಕದ ಅತಿಥಿಯೊಬ್ಬರಿಗೆ ಅತ್ತಿಗೆಯ ತಮ್ಮ ಕಡುಬು ಬಡಿಸುತ್ತಿದ್ದ. ಇನ್ನೊಂದು ಹಾಕಲಾ ಅಂತ ಕೇಳಿದ್ದಕ್ಕೆ ಅವರು 'ಐ ಆಮ್ ಗುಡ್' ಅಂದರು. ಕಡುಬು ಚೆನ್ನಾಗಿದೆ ಅಂತಿದ್ದಾರೆ ಎಂದುಕೊಂಡು ಇವನು ಎರಡು ಹಾಕಿದ. ಮತ್ತೆ 'ಐ ಆಮ್ ಗುಡ್'. ಮತ್ತೆ ಕಡುಬು. ಪಾಪ, ಅವರು ಹೇಳಿದ್ದು 'ನನಗೆ ಸಾಕು, ಬೇಡ' ಅಂತ. (ನಮ್ಮ ಕಡೆ ಕನ್ನಡದಲ್ಲಿ 'ಸಾಕು' ಅಂದರೂ ಬಡಿಸುವವರು ನಿಲ್ಲಿಸುವುದಿಲ್ಲ, ಆ ಮಾತು ಬೇರೆ.)

ಅವನು ಡಿಗ್ರಿ ಓದಿದವನೇ. ಗ್ರಾಮರ್ ತಪ್ಪುವುದಿಲ್ಲ. ಬೆಂಗಳೂರಿಗೋ ಹೊರದೇಶಕ್ಕೋ ಹೊಸದಾಗಿ ಕೆಲಸಕ್ಕೆ ಹೋಗುವ ನಮ್ಮ ಮಕ್ಕಳು ಎಡವುವುದು ಇಂಥ ಮಾತುಗಳಲ್ಲೇ. ಇದನ್ನು ಮನೆಯಲ್ಲೇ ಹೇಳಿಕೊಡಬಹುದು. ನಮ್ಮ ಕೇರಿಯ ಹುಡುಗರ ಜೊತೆ ಕೂತು ನಾನು ಕಂಡುಕೊಂಡ ದಾರಿ ಇದು.

ಶುರು ಕನ್ನಡದಿಂದ

ಇಂಗ್ಲಿಷ್ ಪುಸ್ತಕ ತೆಗೆಯಬೇಡಿ. ಒಂದು ನೋಟ್‌ಬುಕ್ಕಿನಲ್ಲಿ ನಮ್ಮದೇ ಹತ್ತು ಮಾತು ಬರೆಸಿ. ತಲೆ ತಿಂದ, ಕೈ ಕೊಟ್ಟ, ಹೊಟ್ಟೆಗೆ ಹಾಕಿಕೋ... ಪದ ಪದ ಬಿಡಿಸಿ ನೋಡಿದರೆ ನಮಗೇ ನಗು ಬರುತ್ತದೆ. ಕನ್ನಡ ಬಾರದವರು 'ತಲೆ ತಿಂದ' ಅಂತ ಕೇಳಿದರೆ ಪೊಲೀಸರನ್ನು ಕರೆದಾರು! ಇಷ್ಟಾದ ಮೇಲೆ ಇಂಗ್ಲಿಷಿನ ಭಯ ಅರ್ಧ ಹೋಗುತ್ತದೆ.

ಆಮೇಲೆ ಇಂಗ್ಲಿಷ್ ಮಾತುಗಳನ್ನು ಮೂರು ಗುಂಪು ಮಾಡಿ. ಕೆಲವು ಥೇಟ್ ನಮ್ಮವೇ. 'ಐ ಆಮ್ ಆಲ್ ಇಯರ್ಸ್' ಅಂದರೆ ಮೈಯೆಲ್ಲ ಕಿವಿ. ಇನ್ನು ಕೆಲವಕ್ಕೆ ಅರ್ಥ ಒಂದೇ, ಚಿತ್ರ ಬೇರೆ. ಅವರಿಗೆ 'ಪೀಸ್ ಆಫ್ ಕೇಕ್', ನಮಗೆ ನೀರು ಕುಡಿದಷ್ಟು ಸಲೀಸು. ಇವೆರಡಕ್ಕೆ ಜಾಸ್ತಿ ಹೊತ್ತು ಬೇಡ.

ಮೂರನೆಯದು ಮೋಸದ ಗುಂಪು. ಚಿತ್ರ ಒಂದೇ, ಅರ್ಥ ಉಲ್ಟಾ. 'ಗಿವ್ ಮಿ ಎ ಹ್ಯಾಂಡ್' ಅಂದರೆ ಸ್ವಲ್ಪ ಸಹಾಯ ಮಾಡು. ನಮ್ಮಲ್ಲಿ ಕೈ ಕೊಟ್ಟ ಅಂದರೆ ಕಥೆ ಮುಗಿಯಿತು. ನಾಟಕಕ್ಕೆ ಬಣ್ಣ ಹಚ್ಚಿ ನಿಂತವರಿಗೆ 'ಬ್ರೇಕ್ ಎ ಲೆಗ್' ಅನ್ನುವುದು ಹಾರೈಕೆ. ನಮ್ಮಲ್ಲಿ ಕಾಲು ಮುರಿಯುವ ಮಾತು ಬಂದರೆ ಅಪ್ಪ ಸಿಟ್ಟಾಗಿದ್ದಾರೆ ಅಂತಲೇ ಅರ್ಥ. ಈ ಗುಂಪಿಗೆ ಒಂದು ವಾರ ಪೂರ್ತಿ ಕೊಡಿ.

ಆಟದ ಕಥೆ ಹೇಳಿ

ಹಿನ್ನೆಲೆ ಗೊತ್ತಾದರೆ ಮಾತು ಮರೆಯುವುದಿಲ್ಲ. ಜಿ.ಆರ್. ವಿಶ್ವನಾಥ್ ಹುಟ್ಟಿದ ಭದ್ರಾವತಿ ಪಕ್ಕದಲ್ಲೇ ಇರುವಾಗ ಕ್ರಿಕೆಟ್ಟಿನ ಮಾತು ವಿವರಿಸುವುದು ಕಷ್ಟವಲ್ಲ. ಹಿಂದೆ ಪಿಚ್‌ಗೆ ಹೊದಿಕೆ ಹಾಕುತ್ತಿರಲಿಲ್ಲ. ಮಳೆ ಬಿದ್ದು ಬಿಸಿಲಿಗೆ ಒಣಗುವಾಗ ಚೆಂಡು ಹೇಗೆ ಪುಟಿಯುತ್ತದೋ ಹೇಳಲಾಗುತ್ತಿರಲಿಲ್ಲ. ಅದೇ 'ಸ್ಟಿಕಿ ವಿಕೆಟ್', ಅಂದರೆ ಪೇಚಿನ ಪರಿಸ್ಥಿತಿ. ಅಮೆರಿಕದವರ ಮಾತು ಬೇಸ್‌ಬಾಲ್ ಮೈದಾನದ್ದು. ಮಳೆಗೆ ಆಟ ನಿಂತರೆ ಇನ್ನೊಂದು ದಿನ ಬರಲು ಕೊಡುತ್ತಿದ್ದ ಚೀಟಿ 'ರೇನ್ ಚೆಕ್'. ಈಗ ಊಟಕ್ಕೆ ಕರೆದರೆ 'ಇವತ್ತಾಗಲ್ಲ, ಇನ್ನೊಮ್ಮೆ ಬರ್ತೀನಿ' ಅನ್ನಲು ಅದನ್ನೇ ಬಳಸುತ್ತಾರೆ. 'ಬಾಲ್‌ಪಾರ್ಕ್ ಫಿಗರ್' ಅಂದರೆ ಅಂದಾಜು ಲೆಕ್ಕ. ಆಫೀಸಿನಲ್ಲಿ ಇದು ಬೇಕೇ ಬೇಕು.

ಎ ಇಂದ ಜೆಡ್‌ವರೆಗೆ ಉರು ಹೊಡೆಸಬೇಡಿ. ವಾರಕ್ಕೆ ಐದು ಸಾಕು. ಫೋನ್, ಮೀಟಿಂಗ್, ಊಟದ ಟೇಬಲ್ ಅಂತ ಜಾಗದ ಲೆಕ್ಕದಲ್ಲಿ ಬರೆಸಿ. ಯಾರು, ಯಾರಿಗೆ, ಯಾವಾಗ ಹೇಳಿದರು ಎಂಬುದೂ ಇರಲಿ. 'ಹೆಡ್ಸ್ ಅಪ್' ಅಂದರೆ ಮೊದಲೇ ತಿಳಿಸಿದ ಸುದ್ದಿ. 'ಕಾಲ್ ಇಟ್ ಎ ಡೇ' ಅಂದರೆ ಇವತ್ತಿಗೆ ಇಷ್ಟು ಸಾಕು. ಮಳೆಗೆ ಹೇಳುವ 'ಕ್ಯಾಟ್ಸ್ ಅಂಡ್ ಡಾಗ್ಸ್' ಮಾತ್ರ ಬಿಟ್ಟುಬಿಡಿ ಅಂತೀನಿ. 1738ರಲ್ಲೇ ಜೊನಾಥನ್ ಸ್ವಿಫ್ಟ್ ಬರೆದ ಮಾತು ಅದು, ಈಗ ಪಠ್ಯಪುಸ್ತಕದಲ್ಲೇ ಜಾಸ್ತಿ ಸಿಗುತ್ತದೆ. 'ಇಟ್ಸ್ ಪೋರಿಂಗ್' ಸಾಕು. ಆಗುಂಬೆಯ ಆಷಾಢ ಕಂಡವರಿಗೆ ನಾಯಿ ಬೆಕ್ಕು ಯಾವ ಲೆಕ್ಕ?

ಊರು ಬದಲಾದರೆ ಅರ್ಥವೂ ಬದಲು

ಬ್ರಿಟನ್ನಿನಲ್ಲಿ ಒಂದು ವಿಷಯ 'ಟೇಬಲ್' ಮಾಡಿದರೆ ಚರ್ಚೆಗೆ ತಂದರು ಅಂತ. ಅಮೆರಿಕದಲ್ಲಿ ಮುಂದೂಡಿದರು ಅಂತ! ನಾವು '2019ರಲ್ಲಿ ಪಾಸ್ಡ್ ಔಟ್' ಅಂದರೆ ಅವರಿಗೆ ಮೂರ್ಛೆ ಹೋದ ಹಾಗೆ ಕೇಳಿಸುತ್ತದೆ. 'ಪ್ರಿಪೋನ್', 'ಔಟ್ ಆಫ್ ಸ್ಟೇಷನ್' ಕೂಡ ನಮ್ಮ ಮನೆಯ ಸರಕು. ತಪ್ಪೇನಲ್ಲ, ಹೊರಗಿನವರ ಜೊತೆ ಬೇಡ, ಅಷ್ಟೇ.

ಕೊನೆಯ ಹೆಜ್ಜೆ ಬಾಯಿಗೆ ಸಂಬಂಧಿಸಿದ್ದು. ಮೊದಲು ಅರ್ಥ ಆಗಲಿ, ಆಡುವುದು ನಿಧಾನಕ್ಕೆ. ಉತ್ತರ ಭಾರತದಿಂದ ಶಿವಮೊಗ್ಗಕ್ಕೆ ವರ್ಗವಾಗಿ ಬಂದ ಅಧಿಕಾರಿಯೊಬ್ಬರು ಗೆಳೆಯರಿಂದ 'ಎಂಥ ಸಾವು ಮಾರಾಯ' ಅನ್ನುವ ಸಲಿಗೆಯ ಮಾತು ಕಲಿತು, ಅದನ್ನು ಅಡಿಕೆ ಮಂಡಿಯ ಹಿರಿಯರೊಬ್ಬರ ಮುಂದೆ ಪ್ರಯೋಗಿಸಿದ್ದರು! 'ಡ್ಯೂಡ್', 'ಬ್ರೋ' ಕೂಡ ಹಾಗೇ. ಮೇಲಧಿಕಾರಿ ತಾವಾಗಿ ಅನ್ನುವವರೆಗೆ ನಾವು ಅನ್ನಬಾರದು.

ಅರ್ಥ ಆಗದಿದ್ದರೆ ನಕ್ಕು ತಲೆಯಾಡಿಸುವ ಚಾಳಿ ಬಿಡಿಸಿ. ಬರೀ 'ವಾಟ್?' ಅಂದರೆ ಒರಟಾಗುತ್ತದೆ. 'ಸಾರಿ, ದಟ್ಸ್ ನ್ಯೂ ಟು ಮಿ. ವಾಟ್ ಡಸ್ ಇಟ್ ಮೀನ್?' ಅಂತ ಮನೆಯಲ್ಲೇ ನಾಲ್ಕು ಸಲ ಜೋರಾಗಿ ಹೇಳಿಸಿ. ಅತ್ತಿಗೆಯ ತಮ್ಮನೂ ಈಗ ಹೀಗೇ ಕೇಳುತ್ತಾನೆ. ಕಡುಬಿನ ಪಾತ್ರೆ ಮಾತ್ರ ಕೈಯಲ್ಲೇ ಇರುತ್ತದೆ.