ಸಿಗ್ನಲ್‌ನಲ್ಲಿ ನಿಂತಾಗ ಹ್ಯಾಂಡ್‌ಬ್ರೇಕ್ ಎಳೆಯಿರಿ

ಸಂಜೆ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ ಕಡೆ ಹೋಗುವವರಿಗೆ ಈ ಮಾತು. ಗಾಡಿಗಳು ಪೂರ್ತಿ ನಿಂತಿವೆ, ಸಿಗ್ನಲ್ ಟೈಮರ್‌ನಲ್ಲಿ 30 ಸೆಕೆಂಡಿಗಿಂತ ಜಾಸ್ತಿ ಇದೆ ಅಂದರೆ ನ್ಯೂಟ್ರಲ್‌ಗೆ ತಂದು ಹ್ಯಾಂಡ್‌ಬ್ರೇಕ್ ಎಳೆಯಿರಿ. ನನ್ನ ವ್ಯಾಗನ್ ಆರ್‌ನಲ್ಲಿ ಬಟನ್ ಒತ್ತಿಕೊಂಡೇ ಎಳೆಯುತ್ತೇನೆ, ಆ ಕರಕರ ಸದ್ದು ನನ್ನ ಹೆಂಡತಿಗೆ ಆಗುವುದಿಲ್ಲ.

ಕಾಲನ್ನು ಮಾತ್ರ ಕೂಡಲೇ ತೆಗೆಯಬೇಡಿ. ಕನ್ನಡಿ ನೋಡಿ, ಹಿಂದಿನ ಗಾಡಿ ಬಂದು ನಿಂತ ಮೇಲೆ ಬ್ರೇಕ್ ಪೆಡಲ್ ಬಿಡಿ. ಅಲ್ಲಿಯವರೆಗೆ ನೀವು ನಿಂತಿದ್ದೀರಿ ಅಂತ ಅವರಿಗೆ ಹೇಳುವುದು ನಿಮ್ಮ ಗಾಡಿಯ ಹಿಂದಿನ ಕೆಂಪು ಬ್ರೇಕ್ ದೀಪವೇ. ಆಮೇಲೆ ಅದು ಸುಮ್ನೆ ಕಣ್ಣಿಗೆ ಚುಚ್ಚುತ್ತದೆ. ಮಳೆಯಲ್ಲಿ ಹೆಲ್ಮೆಟ್ ಗಾಜಿನೊಳಗಿಂದ ನೋಡುವ ಬೈಕಿನವರಿಗಂತೂ ಹೇಳುವುದೇ ಬೇಡ. ಬ್ರಿಟನ್ನಿನ ಹೈವೇ ಕೋಡ್‌ನ 114ನೇ ನಿಯಮವೂ ಇದನ್ನೇ ಹೇಳುತ್ತದೆ.

ಫ್ಲೈಓವರ್ ಏರಿನಲ್ಲಿ ಹಾಫ್ ಕ್ಲಚ್ ಹಿಡಿದು ನಿಲ್ಲುವ ಚಟ ಬಿಡಿ, ಕ್ಲಚ್ ಪ್ಲೇಟ್ ಸವೆಯುತ್ತದೆ. ಹೊರಡುವಾಗ ಫಸ್ಟ್ ಗೇರ್ ಹಾಕಿ, ಕ್ಲಚ್ ನಿಧಾನಕ್ಕೆ ಬಿಡಿ. ಬಾನೆಟ್ ಸ್ವಲ್ಪ ಎದ್ದಂತಾದಾಗ ಆಕ್ಸಿಲರೇಟರ್ ಒತ್ತುತ್ತಾ ಹ್ಯಾಂಡ್‌ಬ್ರೇಕ್ ಇಳಿಸಿ. ಹಿಂದೆ ಅಂಟಿಕೊಂಡ ಆಟೋಗೆ ತಾಗುವುದಿಲ್ಲ.

ಮುಂದಿನ ಕಾರಿನ ಹಿಂದಿನ ಟಯರ್ ನೆಲಕ್ಕೆ ತಾಗಿರುವುದು ಕಾಣುವಷ್ಟು ಜಾಗ ಬಿಡಿ. ಅಲ್ಲಿಗೆ ಸ್ಕೂಟರ್ ನುಗ್ಗುತ್ತದೆ. ಬೆಂಗಳೂರಲ್ವಾ, ನುಗ್ಗಲಿ ಬಿಡಿ. ಟೈಮರ್ 5ಕ್ಕೆ ಬಂದಾಗ ಗೇರ್ ಹಾಕಿಕೊಳ್ಳಿ.