ಸ್ಟಾಕ್ ಸೈಟಿಗೆ ಕಳಿಸಿದ ಫೋಟೊ ಯಾಕೆ ರಿಜೆಕ್ಟ್ ಆಗುತ್ತದೆ?

ಮೊದಲ ಸಲ ಸ್ಟಾಕ್ ಸೈಟೊಂದಕ್ಕೆ, ಅಂದರೆ ನಮ್ಮ ಫೋಟೊಗಳನ್ನು ಬೇರೆಯವರ ಬಳಕೆಗೆ ಮಾರುವ ವೆಬ್‌ಸೈಟಿಗೆ, ಹತ್ತು ಫೋಟೊ ಕಳಿಸಿದ್ದೆ. ಒಂಬತ್ತು ರಿಜೆಕ್ಟ್ ಆದವು. ವಾಟ್ಸ್‌ಆ್ಯಪ್‌ನಲ್ಲಿ ಎಲ್ಲರೂ ಹೊಗಳಿದ್ದ ಕೆ.ಆರ್. ಮಾರುಕಟ್ಟೆಯ ಸೇವಂತಿಗೆ ರಾಶಿಯೂ ಅದರಲ್ಲಿತ್ತು. ಫೋಕಸ್ ಸರಿಯಿಲ್ಲ ಅಂದಿದ್ದರು. ಸಿಟ್ಟು ಬಂತು. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದೆ. ಹೂವು ಮಸುಕು, ಹಿಂದಿದ್ದ ಗೋಣಿಚೀಲದ ನೂಲು ಮಾತ್ರ ಎಣಿಸುವಷ್ಟು ಸ್ಪಷ್ಟ!

ಹಾಗಾಗಿ ಮೊದಲ ಕೆಲಸ, ಫೋನಿನ ಪರದೆಯನ್ನು ನಂಬಬೇಡಿ. ಕಂಪ್ಯೂಟರಿನಲ್ಲಿ ಶೇ 100ರ ಗಾತ್ರದಲ್ಲಿ ತೆರೆದು, ಅಕ್ಕಿ ಆರಿಸುವ ಹಾಗೆ ಮೂಲೆಮೂಲೆ ನೋಡಿ. ಮುಖವಿದ್ದರೆ ಕಣ್ಣು ಶಾರ್ಪ್ ಆಗಿದೆಯೇ? ನೆರಳಿನಲ್ಲಿ ರವೆ ಚೆಲ್ಲಿದಂತೆ ಕಾಣುತ್ತಿದೆಯೇ? ಅದೇ ನಾಯ್ಸ್. ಮಬ್ಬು ಬೆಳಕಿನಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ಏರಿಸಿದಾಗ, ಕತ್ತಲೆ ಫೋಟೊವನ್ನು ಆಮೇಲೆ ಬೆಳಗಿಸಿದಾಗ ಜಾಸ್ತಿಯಾಗುತ್ತದೆ. ಆಕಾಶದಲ್ಲಿ ಬೂದು ಕಲೆ ಕಂಡರೆ ಹಕ್ಕಿ ಅಂದುಕೊಳ್ಳಬೇಡಿ, ಅದು ಸೆನ್ಸರ್ ಮೇಲಿನ ದೂಳು. ಅಳಿಸಿಬಿಡಿ.

ಕ್ಯಾಮೆರಾ ಕೈಯಲ್ಲಿ ಹಿಡಿದಾಗ ಅಲುಗಿ ಫೋಟೊ ಮಸುಕಾಗದಿರಲು, 50 ಎಂಎಂ ಲೆನ್ಸಿಗೆ ಸೆಕೆಂಡಿನ 1/50ಕ್ಕಿಂತ, 200 ಎಂಎಂಗೆ 1/200ಕ್ಕಿಂತ ಶಟರ್ ನಿಧಾನವಾಗದಿರಲಿ. ಹಳೇ ಲೆಕ್ಕ, ಈಗಲೂ ಕೆಲಸಕ್ಕೆ ಬರುತ್ತದೆ. ಅಲುಗದ ವಸ್ತುವಾದರೆ ಟ್ರೈಪಾಡ್ ಹಾಕಿ, ಐಎಸ್‌ಒ 100ರಲ್ಲೇ ತೆಗೆಯಿರಿ.

ಶಟರ್‌ಸ್ಟಾಕ್, ಅಡೋಬ್ ಸ್ಟಾಕ್ ಸೈಟುಗಳು ಕೇಳುವುದು ಕನಿಷ್ಠ 4 ಮೆಗಾಪಿಕ್ಸೆಲ್. ಈಗಿನ ಫೋನಿಗೆ ಅದೇನು ದೊಡ್ಡದಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಕುಗ್ಗಿದ ಪ್ರತಿ ಬೇಡ, ಮೂಲ ಫೈಲನ್ನೇ ಕಳಿಸಿ.

ಫೋಟೊ ಚೆನ್ನಾಗಿದ್ದೂ ಎಡವುವುದು ಹಕ್ಕಿನ ವಿಚಾರದಲ್ಲಿ. ಗುರುತು ಸಿಗುವ ಮುಖವಿದ್ದರೆ ಅವರು ಸಹಿ ಹಾಕಿದ ಮಾಡೆಲ್ ರಿಲೀಸ್, ಅಂದರೆ ಫೋಟೊ ಬಳಸಲು ಒಪ್ಪಿಗೆ ಪತ್ರ ಬೇಕು. ಮಕ್ಕಳಾದರೆ ಅಪ್ಪ ಅಥವಾ ಅಮ್ಮನ ಸಹಿ. ನಿಮ್ಮದೇ ಸೆಲ್ಫಿಗೂ ವಿನಾಯಿತಿ ಇಲ್ಲ! ಟೀ ಶರ್ಟಿನ ಲೋಗೊ, ಬಿಸ್ಕತ್ತು ಪೊಟ್ಟಣದ ಹೆಸರು ಅಳಿಸಿ. ಐಫೆಲ್ ಗೋಪುರದ ಹಗಲಿನ ಫೋಟೊಗೆ ತಕರಾರಿಲ್ಲ, ರಾತ್ರಿಯದು ಜಾಹೀರಾತಿಗೆ ನಡೆಯುವುದಿಲ್ಲ. ಅಲ್ಲಿನ ದೀಪಾಲಂಕಾರದ ಹಕ್ಕು ಬೇರೆಯವರದು. ಸರಿ, ಜಾತ್ರೆಯಲ್ಲಿ ಎಷ್ಟು ಜನರ ಸಹಿ ತರೋದು? ಅಂಥವನ್ನು ‘ಎಡಿಟೋರಿಯಲ್’ ವಿಭಾಗಕ್ಕೆ ಕಳಿಸಬಹುದು. ಅವು ಸುದ್ದಿ, ಲೇಖನಗಳಿಗೆ ಮಾತ್ರ ಬಳಕೆಯಾಗುತ್ತವೆ. ಅಲ್ಲಿ ಮಾತ್ರ ಏನನ್ನೂ ಅಳಿಸುವ ಹಾಗಿಲ್ಲ, ಲೋಗೊ ಕೂಡ.

ಒಂದೇ ಬಾಳೆಎಲೆ ಊಟದ ಇಪ್ಪತ್ತು ಫೋಟೊ ಕಳಿಸಬೇಡಿ, ಒಂದೆರಡು ಸಾಕು. ಹುಡುಕುವವರಿಗೆ ಫೋಟೊ ಸಿಗಲೆಂದು ಕೊಡುವ ಕೀವರ್ಡ್‌ಗೆ ಅಡೋಬ್ ಸ್ಟಾಕ್‌ನಲ್ಲಿ 49ರವರೆಗೆ ಜಾಗವಿದೆ. ಜಾಗವಿದೆ ಅಂತ ಚಿತ್ರದಲ್ಲಿ ಇಲ್ಲದ್ದನ್ನು ಸುಮ್ನೆ ತುಂಬಬೇಡಿ.

ರಿಜೆಕ್ಟ್ ಆದದ್ದನ್ನು ತಿದ್ದಿ ಮತ್ತೆ ಕಳಿಸಬಹುದು. ನಾಯ್ಸ್ ಸ್ವಲ್ಪವೇ ಇದ್ದರೆ, 4 ಮೆಗಾಪಿಕ್ಸೆಲ್‌ಗಿಂತ ಕೆಳಗಿಳಿಯದಂತೆ ಗಾತ್ರ ಕುಗ್ಗಿಸಿ ನೋಡಿ, ಎಷ್ಟೋ ಮರೆಯಾಗುತ್ತದೆ. ಫೋಕಸ್ ತಪ್ಪಿದ್ದಕ್ಕೆ ಮಾತ್ರ ಶಾರ್ಪನಿಂಗ್ ಎಷ್ಟು ಏರಿಸಿದರೂ ಪ್ರಯೋಜನವಿಲ್ಲ. ಸೇವಂತಿಗೆಗಾಗಿ ನಾನು ಇನ್ನೊಂದು ದಿನ ಬೆಳಗಿನ ಜಾವ ಎದ್ದು ಮತ್ತೆ ಮಾರುಕಟ್ಟೆಗೆ ಹೋಗಬೇಕಾಯಿತು.