ಜಿಂಕೆಯ ಗಂಟಲಿನಿಂದ ಸಿಡಬ್ಲ್ಯೂಡಿ ಪರೀಕ್ಷೆಗೆ ಮಾದರಿ ತೆಗೆಯುವ ಬಗೆ

ಜಿಂಕೆ ಜಾತಿಯ ಪ್ರಾಣಿಗಳಿಗೆ ಬರುವ ಕ್ರಾನಿಕ್ ವೇಸ್ಟಿಂಗ್ ಡಿಸೀಸನ್ನು (ಸಿಡಬ್ಲ್ಯೂಡಿ) ‘ಕ್ಷಯ’ ಅಂತ ಕನ್ನಡಿಸಬೇಡಿ, ಕೇಳಿದವರು ಟಿಬಿ ಅಂದುಕೊಳ್ಳುತ್ತಾರೆ. ಇಲ್ಲಿ ಬ್ಯಾಕ್ಟೀರಿಯಾವೂ ಇಲ್ಲ, ವೈರಸ್ಸೂ ಇಲ್ಲ. ಮಡಿಕೆ ತಪ್ಪಿದ ಪ್ರೋಟೀನು, ಅಂದರೆ ಪ್ರಿಯಾನ್, ಮೆದುಳನ್ನು ತೂತು ತೂತು ಮಾಡುತ್ತದೆ. 1967ರಲ್ಲಿ ಕೊಲೊರಾಡೊದಲ್ಲಿ ಸಾಕಿದ್ದ ಮ್ಯೂಲ್ ಜಿಂಕೆಗಳಲ್ಲಿ ಕಂಡದ್ದು 2002ರ ಹೊತ್ತಿಗೆ ವಿಸ್ಕಾನ್ಸಿನ್‌ನ ಕಾಡುಜಿಂಕೆಗಳಲ್ಲೂ ಸಿಕ್ಕಿತು. ಸೋಂಕು ತಗುಲಿದ ಜಿಂಕೆ ಸಾಮಾನ್ಯವಾಗಿ ವರ್ಷಕ್ಕೂ ಹೆಚ್ಚು ಕಾಲ ದಷ್ಟಪುಷ್ಟವಾಗಿಯೇ ಓಡಾಡುತ್ತದೆ. ಹಾಗಾಗಿ ಬಡಕಲು ಬಿದ್ದು ಜೊಲ್ಲು ಸುರಿಸುವ ಪ್ರಾಣಿಯನ್ನೇ ಹುಡುಕುತ್ತಾ ಕೂತರೆ ಹಿಂಡಿನ ಸ್ಥಿತಿ ತಿಳಿಯುವುದಿಲ್ಲ. ಬೇಟೆಯಲ್ಲಿ ಸಿಕ್ಕ, ನೋಡಲು ಚೆನ್ನಾಗಿರುವ ಜಿಂಕೆಗಳ ಗಂಟಲನ್ನೇ ನೋಡಬೇಕು.

ಇದು ಅಮೆರಿಕದಲ್ಲಿ ಲೈಸೆನ್ಸ್ ಇಟ್ಟುಕೊಂಡು ಬೇಟೆಯಾಡುವವರಿಗೆ, ಪಕ್ಕದ ಮನೆಯವರು ಕೊಟ್ಟ ಜಿಂಕೆ ಮಾಂಸ ಫ್ರೀಜರ್‌ನಲ್ಲಿ ಇರುವವರಿಗೆ. ಭಾರತದಲ್ಲಿ ಜಿಂಕೆ ಬೇಟೆ ಅಪರಾಧ; ಸತ್ತ ಜಿಂಕೆ ಕಂಡರೂ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಿ.

ಬೇಕಾದದ್ದು: ಎರಡು ಜೊತೆ ರಬ್ಬರ್ ಗ್ಲೌಸ್, ಚೂಪಾದ ಸಣ್ಣ ಚಾಕು, ಚಿಮಟ, ಜಿಪ್ ಚೀಲ, ಅಳಿಸದ ಮಾರ್ಕರ್. ತಲೆ ಕಡಿಯುವಾಗ ಕತ್ತಿನ ಹತ್ತು ಸೆಂಟಿಮೀಟರ್ ತಲೆಗೇ ಉಳಿಯಲಿ. ಬುರುಡೆಗೆ ಒತ್ತಿ ಕಡಿದರೆ ಪರೀಕ್ಷೆಗೆ ಬೇಕಾದ ದುಗ್ಧಗ್ರಂಥಿ (ಲಿಂಫ್ ನೋಡ್) ಮುಂಡದಲ್ಲೇ ಉಳಿದುಬಿಡುತ್ತದೆ.

ತಲೆಯನ್ನು ಗದ್ದ ಮೇಲಾಗಿ ಇಡಿ. ಧ್ವನಿಪೆಟ್ಟಿಗೆಯ ಗಟ್ಟಿ ಗಂಟು ಕೈಗೆ ಸಿಗುತ್ತದೆ. ಅದಕ್ಕೂ ದವಡೆಯ ಮೂಲೆಗೂ ನಡುವೆ, ಮೂಳೆ ತಾಗುವವರೆಗೆ ಅಡ್ಡಲಾಗಿ ಆಳವಾಗಿ ಕೊಯ್ದು ಸೀಳನ್ನು ಅಗಲಿಸಿ. ಗಂಟಲಿನ ಹಿಂಗೋಡೆಯಲ್ಲಿ, ನಡುಗೆರೆಯ ಆಚೀಚೆ ಕೊಬ್ಬಿನೊಳಗೆ ಒಂದೊಂದು ಗ್ರಂಥಿ. ದೊಡ್ಡ ದ್ರಾಕ್ಷಿಯಷ್ಟು ಗಾತ್ರ, ನುಣುಪು ಮೈ. ಬೆರಳಿಟ್ಟು ಒತ್ತಿದರೆ ಜಾರುತ್ತದೆ. ಕೊಯ್ದರೆ ಒಳಗೆಲ್ಲ ಒಂದೇ ಸಮನಾದ ಕೆನೆಬಣ್ಣ.

ಮೋಸ ಹೋಗುವುದು ಇಲ್ಲೇ. ಹತ್ತಿರದ ಜೊಲ್ಲುಗ್ರಂಥಿಯೂ ಸುಮಾರು ಅದೇ ಅಳತೆ. ಆದರೆ ಅದರ ಮೈ ಸೀತಾಫಲದ ಸಿಪ್ಪೆಯಂತೆ ಗುಬುಟು ಗುಬುಟು. ಅದನ್ನು ಕಳಿಸಿದರೆ ಲ್ಯಾಬಿನಿಂದ ‘ಮಾದರಿ ಪರೀಕ್ಷೆಗೆ ಯೋಗ್ಯವಲ್ಲ’ ಎಂಬ ಉತ್ತರ ಬರುತ್ತದೆ. ಎರಡೂ ಬದಿಯದನ್ನು ತೆಗೆದು ತಾಜಾ ಇಡಿ, ತಡವಾಗುವುದಾದರೆ ಫ್ರೀಜ್ ಮಾಡಿ. ಫಾರ್ಮಲಿನ್‌ನಲ್ಲಿ ಅದ್ದಿದ್ದು ಪ್ರಿಯಾನ್ ಪತ್ತೆಹಚ್ಚುವ ಇಲೈಸಾ (ELISA) ಪರೀಕ್ಷೆಗೆ ಬಾರದು. ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಆದರೆ ಬುರುಡೆಯ ಹಿಂದಿನ ರಂಧ್ರದಿಂದ ಮೆದುಳುಕಾಂಡದ ತುಣುಕೂ ಬೇಕು, ಏಕೆಂದರೆ ಕೆಲವು ಎಲ್ಕ್‌ಗಳಲ್ಲಿ ಅಲ್ಲಿ ಮಾತ್ರ ಪ್ರಿಯಾನ್ ಸಿಗುತ್ತದೆ.

ಚಾಕುವಿಗೆ ಕುದಿನೀರು ಸಾಲದು. ಮೊದಲು ಅಂಟಿದ ಮಾಂಸವನ್ನೆಲ್ಲ ಉಜ್ಜಿ ತೆಗೆಯಿರಿ. ನಂತರ ಎರಡು ಪಾಲು ಮನೆಬಳಕೆಯ ಬ್ಲೀಚಿಗೆ ಮೂರು ಪಾಲು ನೀರು ಬೆರೆಸಿ ಐದು ನಿಮಿಷ ಮುಳುಗಿಸಿ. ಬ್ಲೀಚ್ ಮೇಲ್ಮೈಗಷ್ಟೇ, ಮಾಂಸದ ಚೂರಿನೊಳಗೆ ಇಳಿಯುವುದಿಲ್ಲ. ಬೇಯಿಸಿದರೂ ಫ್ರೀಜ್ ಮಾಡಿದರೂ ಪ್ರಿಯಾನ್ ಸಾಯುವುದಿಲ್ಲ, ಅದು ಬದುಕಿದ್ದರೆ ತಾನೇ ಸಾಯಲು! ಮನುಷ್ಯರಿಗೆ ತಗುಲಿದ ದೃಢಪಟ್ಟ ಪ್ರಕರಣ ಈವರೆಗೆ ಇಲ್ಲ. ಆದರೂ ಪಾಸಿಟಿವ್ ಬಂದ ಮಾಂಸ ತಿನ್ನಬೇಡಿ. ಬೆನ್ನುಮೂಳೆ, ತಲೆಗಳನ್ನು ಕಾಡಿನಲ್ಲಿ ಎಸೆಯಬೇಡಿ. ಮಣ್ಣಿನಲ್ಲಿ ಅದು ವರ್ಷಗಟ್ಟಲೆ ಉಳಿಯುತ್ತದೆ.

ಚೀಟಿಯಲ್ಲಿ ದಿನಾಂಕ, ಜಾಗ, ಗಂಡೋ ಹೆಣ್ಣೋ, ವಯಸ್ಸು. ವಯಸ್ಸಿಗೆ ಕೆಳದವಡೆ ನೋಡಿ: ಮುಂದಿನಿಂದ ಎಣಿಸಿ ಮೂರನೇ ದವಡೆಹಲ್ಲಿಗೆ ಮೂರು ಶಿಖರಗಳಿದ್ದರೆ ಅದು ಇನ್ನೂ ಹಾಲುಹಲ್ಲು, ಜಿಂಕೆಗೆ ಎರಡು ವರ್ಷ ತುಂಬಿಲ್ಲ. ಮರಿಗಳಲ್ಲಿ ಸೋಂಕು ಸಿಗುವುದು ಅಪರೂಪ. ಅವನ್ನೂ ಲೆಕ್ಕಕ್ಕೆ ಸೇರಿಸಿದರೆ ಹಿಂಡು ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ವಾಹನಕ್ಕೆ ಸಿಕ್ಕಿ ಸತ್ತವನ್ನು ಬೇರೆಯೇ ಬರೆದಿಡಿ, ಸೋಂಕಿತ ಜಿಂಕೆಗಳೇ ಹೆಚ್ಚಾಗಿ ಡಿಕ್ಕಿಗೆ ಸಿಗುತ್ತವೆ.

ನೂರು ಜಿಂಕೆ ನೋಡಿ ಒಂದೂ ಪಾಸಿಟಿವ್ ಬಾರದಿದ್ದರೆ ‘ನಮ್ಮಲ್ಲಿ ಇಲ್ಲ’ ಎನ್ನುವಂತಿಲ್ಲ; ನೂರಕ್ಕೆ ಮೂರರವರೆಗೆ ಇದ್ದೂ ತಪ್ಪಿಸಿಕೊಂಡಿರಬಹುದು. ಶೇ. 1ರಷ್ಟು ಸೋಂಕನ್ನು ಶೇ. 95 ಖಾತ್ರಿಯಿಂದ ಹಿಡಿಯಲು ಸುಮಾರು 300 ಮಾದರಿ ಬೇಕು.

ಸಂಖ್ಯೆ ಕುಸಿಯುವುದು ತಕ್ಷಣವಲ್ಲ. ಸೋಂಕಿತ ಹೆಣ್ಣು ಮರಿ ಹಾಕುತ್ತಲೇ ಇರುತ್ತದೆ, ಹಿಂಡು ತುಂಬಿದಂತೆಯೇ ಕಾಣುತ್ತದೆ. ಆದರೆ ಸೋಂಕು ಆಳವಾಗಿ ಬೇರೂರಿದ ಆಗ್ನೇಯ ವಯೋಮಿಂಗ್‌ನಲ್ಲಿ ಬಿಳಿಬಾಲದ ಜಿಂಕೆಗಳು ವರ್ಷಕ್ಕೆ ಸುಮಾರು ಶೇ. 10ರಂತೆ ಕುಗ್ಗುತ್ತಿದ್ದುದನ್ನು ಅಧ್ಯಯನ ತೋರಿಸಿದೆ. ಗಂಡುಗಳಲ್ಲಿ ಸೋಂಕಿನ ಪ್ರಮಾಣ ಸಾಮಾನ್ಯವಾಗಿ ಜಾಸ್ತಿ, ಸುದ್ದಿಯಾಗುವುದೂ ಅದೇ. ಹಿಂಡು ಉಳಿಯುವುದೋ ಇಲ್ಲವೋ ಎಂಬುದು ಮಾತ್ರ ದೊಡ್ಡ ಹೆಣ್ಣುಗಳ ಅಂಕಿಯಲ್ಲಿದೆ. ಅದನ್ನು ಪ್ರತ್ಯೇಕ ಕಾಲಂನಲ್ಲಿ ಇಡಿ.